ನಿತ್ಯಜೀವನದ ಹಿಂಸೆಯೂ ಈಚಿನ ಕನ್ನಡ ಕಥನವೂ: ಅಥಣಿ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಹಿಂಸೆಯೆಂಬ ಪದವನ್ನು ಕೇಳಿದೊಡನೆ ಸಾಮಾನ್ಯರ ಮನಸ್ಸಿಗೆ ಯುದ್ಧ, ಕೊಲೆ, ದರೋಡೆ ಮೊದಲಾದ ವ್ಯಾಪಾರಗಳೇ ತೋರುವುವು. ಇವೆಲ್ಲ ಎಂದೋ ಒಂದು ದಿನ, ಎಲ್ಲಿಯೋ ಒಂದೆಡೆಯಲ್ಲಿ ನಡೆಯತಕ್ಕವು. ಆದರೆ ದಿನದಿನವೂ, ಮನೆಮನೆಯಲ್ಲಿಯೂ, ಹೊಸಿಲಿನ ಒಳಗೆ ನಡೆಯುವ ಹಿಂಸೆಯೊಂದುಂಟು. ಅದಕ್ಕೆ ಆಯುಧ ಬೇಡ. ಅನೇಕವೇಳೆ ಕೈಯೂ ಬೇಡ. ಒಂದು ಮಾತು, ಒಂದು ಮೌನ, ಒಂದು ಪದ್ಧತಿ ಸಾಕು. ಈಚಿನ ಕನ್ನಡ ಕತೆ ಕಾದಂಬರಿಗಳಲ್ಲಿ ಈ ಎರಡನೆಯ ಬಗೆಯ ಹಿಂಸೆಯ ಚಿತ್ರಣವು ಹೆಚ್ಚು ಹೆಚ್ಚಾಗಿ ಕಾಣಬರುತ್ತಿದೆ. ಇದರಿಂದ ವಾಙ್ಮಯಕ್ಕೆ ಲಾಭವಾಯಿತೆ, ಹಾನಿಯಾಯಿತೆ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಂಥ ಕೃತಿಗಳನ್ನು ತರಗತಿಯಲ್ಲಿ ಓದಿಸಬೇಕಾದ ಅಧ್ಯಾಪಕರಿಗಂತೂ ಇದು ಕೇವಲ ವಾದದ ವಿಷಯವಲ್ಲ. ಪ್ರತಿವರ್ಷವೂ ಎದುರಾಗುವ ಕಷ್ಟ. ಆದುದರಿಂದ ಇಂಥ ಚಿತ್ರಣದ ಗುಣದೋಷಗಳನ್ನು ನಿರ್ಣಯಿಸಲು ಒಂದು ಅಳತೆಗೋಲು ದೊರೆಯುವುದೆ ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಅಳತೆಗೋಲನ್ನು ಹೊರಗೆ ಅರಸಬೇಕಾದುದಿಲ್ಲ. ಹಿಂಸೆಯು ಶರೀರದಿಂದ ಮಾತ್ರವಲ್ಲದೆ ಮಾತಿನಿಂದಲೂ ಮನಸ್ಸಿನಿಂದಲೂ ಆಗುವುದೆಂಬುದು ಭಾರತೀಯ ಶಾಸ್ತ್ರಗಳಿಗೆಲ್ಲ ಸಮ್ಮತವಾದ ಮಾತು. ಪತಂಜಲಿಯ ಯೋಗಸೂತ್ರವು ಹಿಂಸಾದಿಗಳನ್ನು ತಾನೇ ಮಾಡಿದುದು, ಪರರಿಂದ ಮಾಡಿಸಿದುದು, ಪರರು ಮಾಡಿದುದಕ್ಕೆ ಒಪ್ಪಿಗೆಯಿತ್ತುದು ಎಂದು ಮೂರಾಗಿ ವಿಂಗಡಿಸುತ್ತದೆ; ಕೃತ, ಕಾರಿತ, ಅನುಮೋದಿತವೆಂದು ಇವುಗಳ ಹೆಸರು. ಜೈನಶಾಸ್ತ್ರವು ಇದನ್ನು ಇನ್ನೂ ಸೂಕ್ಷ್ಮವಾಗಿ ವಿವೇಚಿಸಿದೆ. ಉಮಾಸ್ವಾತಿಯ ಮತದಲ್ಲಿ ಪ್ರಾಣಹಾನಿಯೊಂದೇ ಹಿಂಸೆಯ ಲಕ್ಷಣವಲ್ಲ. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ ಕೂಡಿದ ಪ್ರವೃತ್ತಿಯು ಅದರ ಮೂಲ. ಹೊರಗೆ ಕಾಣುವ ದ್ರವ್ಯಹಿಂಸೆ, ಒಳಗೆ ಹುಟ್ಟುವ ಭಾವಹಿಂಸೆ ಎಂಬ ವಿಭಾಗವು ಇದರಿಂದಲೇ ಬಂದುದು. ನಿತ್ಯಜೀವನದ ಹಿಂಸೆಯನ್ನು ಕುರಿತು ವಿಚಾರಿಸುವವರಿಗೆ ಪ್ರಮಾದವೆಂಬ ಈ ಒಂದು ಪದವು ಬಹಳ ಉಪಕಾರಿಯಾಗಿದೆ. ಏಕೆಂದರೆ ಇಲ್ಲಿ ಕೊಲ್ಲುವ ಸಂಕಲ್ಪವಿರುವುದು ಅಪರೂಪ. ನೋಡದಿರುವ ಅಭ್ಯಾಸವು ಸರ್ವತ್ರ. ೨೦೦೫ರಲ್ಲಿ ರಚಿತವಾಗಿ ೨೦೦೬ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ಕಾನೂನು ಏಟಿನೊಡನೆ ನಿಂದೆಯನ್ನೂ, ಮನೋವೇದನೆಯನ್ನೂ, ಅನ್ನವಸ್ತ್ರಗಳನ್ನು ತಡೆಯುವುದನ್ನೂ ಹಿಂಸೆಯೆಂದು ಪರಿಗಣಿಸಿದಾಗ ಇದು ಹೊಸ ಮಾತೆಂದು ಹಲವರು ಬೆರಗಾದರು. ಮನೋವಾಕ್ಕಾಯಗಳೆಂದು ಬಾಯಿಪಾಠ ಮಾಡಿದವರು ಬೆರಗಾಗಬೇಕಾದುದಿರಲಿಲ್ಲ.

ಕನ್ನಡದ ಕವಿಗಳಿಗೂ ಈ ವಿವೇಕವು ಹೊಸತಲ್ಲ. ೧೨೦೯ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯನ್ನು ಸ್ಮರಿಸಬಹುದು. ಅಲ್ಲಿ ಯಶೋಧರನು ಬಲಿಕೊಡುವುದು ಜೀವವುಳ್ಳ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಪಾಪವು ಅವನನ್ನೂ, ಆ ಬಲಿಯನ್ನು ಪ್ರೇರಿಸಿದ ತಾಯಿ ಚಂದ್ರಮತಿಯನ್ನೂ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟುತ್ತದೆ. ಮಾಡಿದವನು ಮಗ, ಮಾಡಿಸಿದವಳು ತಾಯಿ. ಫಲ ಇಬ್ಬರಿಗೂ ಸಮ. ಅದೇ ಕಾವ್ಯದಲ್ಲಿ ಹೊತ್ತು ಮೀರಿ ಬಂದಳೆಂಬ ಕಾರಣಕ್ಕಾಗಿ ಮಾವುತನು ಅಮೃತಮತಿಯನ್ನು ಮುಡಿವಿಡಿದು ಬಡಿಯುವ ಸಂದರ್ಭವೂ ಉಂಟು. ರಾಣಿಯು ಆ ಏಟುಗಳನ್ನು ಸಹಿಸಿ ಅವನ ಕಾಲಿಗೆ ಬೀಳುತ್ತಾಳೆ. ಪ್ರೀತಿಯೆಂಬ ಹೆಸರಿನಲ್ಲಿ ಏಟು ಅಭ್ಯಾಸವಾಗುವ ಬಗೆಯನ್ನು ಎಂಟು ಶತಮಾನಗಳ ಹಿಂದೆಯೇ ಕವಿಯೊಬ್ಬನು ಕಂಡಿದ್ದನೆಂಬುದನ್ನು ಮರೆಯಲಾಗದು.

ಇನ್ನು ಅಲಂಕಾರಶಾಸ್ತ್ರದ ಮಾತು. ಯುದ್ಧ, ಮರಣ, ನಗರದ ಮುತ್ತಿಗೆ ಮೊದಲಾದವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಕೂಡದೆಂದೂ, ಪ್ರವೇಶಕಾದಿಗಳ ಮೂಲಕ ಸೂಚಿಸತಕ್ಕದ್ದೆಂದೂ ನಾಟ್ಯಶಾಸ್ತ್ರವು ವಿಧಿಸಿದೆ. ಭಾಸನ ಊರುಭಂಗದಂತಹ ಅಪವಾದಗಳು ಇದ್ದೇ ಇವೆ. ಬೆಳಗಾವಿ ಸೀಮೆಯ ಸಣ್ಣಾಟಗಳು ಈ ವಿಧಿಯನ್ನು ಎಂದೂ ಪಾಲಿಸಲಿಲ್ಲ. ಬೈಲಹೊಂಗಲದಲ್ಲಿ ನಡೆದ ಘಟನೆಯನ್ನು ಆಧರಿಸಿದುದೆಂದು ಪ್ರಸಿದ್ಧವಾದ ಸಂಗ್ಯಾ-ಬಾಳ್ಯಾ ಆಟದಲ್ಲಿ ಸ್ನೇಹಿತನ ದ್ರೋಹದಿಂದ ಸಂಗ್ಯಾನು ಹತನಾಗುವುದನ್ನು ಹಳ್ಳಿಯ ಜನರು ಇರುಳೆಲ್ಲ ಕುಳಿತು ಕಣ್ಣಾರೆ ಕಂಡಿದ್ದಾರೆ. ಆದರೆ ಅಲ್ಲಿ ಕೊಲ್ಲುವವರಿಗೆ ಕೋಪವಿದೆ, ಕೋಪಕ್ಕೆ ಕಾರಣವಿದೆ, ನೋಡುವವರಿಗೆ ಆ ಕಾರಣವು ತಿಳಿದಿದೆ. ಕ್ರೋಧವು ಸ್ಥಾಯಿಯಾದುದರಿಂದ ರೌದ್ರವು ಸಿದ್ಧಿಸುತ್ತದೆ, ಸತ್ತವನ ವಿಷಯದಲ್ಲಿ ಕರುಣವು ಉಂಟಾಗುತ್ತದೆ. ನಿತ್ಯಜೀವನದ ಹಿಂಸೆಯಲ್ಲಾದರೋ ಮಾಡುವವನಿಗೆ ಬಹುಮಟ್ಟಿಗೆ ಕೋಪವೇ ಇಲ್ಲ. ಅವನು ಪದ್ಧತಿಯಂತೆ ನಡೆಯುತ್ತಾನೆ; ಉಂಡು ಮಲಗುತ್ತಾನೆ. ಕ್ರೋಧವಿಲ್ಲದೆಡೆಯಲ್ಲಿ ರೌದ್ರವೆಲ್ಲಿ? ಹಾಗಾದರೆ ಇಂಥ ಕೃತಿಗಳಿಂದ ಸಹೃದಯನಿಗೆ ಉಂಟಾಗುವ ಭಾವ ಯಾವುದು? ಈ ಪ್ರಶ್ನೆಗೆ ಉತ್ತರವು ಮುಂದೆ ಕೃತಿಗಳಿಂದಲೇ ದೊರೆಯಬೇಕು.

ಈ ವಿಚಾರಕ್ಕೆ ಅಥಣಿಯ ಸೀಮೆಯು ಹಲವು ಕಾರಣಗಳಿಂದ ಉಚಿತವಾದ ಕ್ಷೇತ್ರವಾಗಿದೆ. ಬೆಳಗಾವಿ ಜಿಲ್ಲೆಯ ಈಶಾನ್ಯ ಭಾಗದಲ್ಲಿ, ಕೃಷ್ಣಾನದಿಯ ಆಸುಪಾಸಿನಲ್ಲಿ, ಮರಾಠಿ ನಾಡಿಗೆ ತಾಗಿಕೊಂಡಿರುವ ಈ ನೆಲದಲ್ಲಿ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಜೈನ ಒಕ್ಕಲಿಗರು ನೂರಾರು ವರ್ಷಗಳಿಂದ ನೆಲಸಿದ್ದಾರೆ. ನೀರನ್ನು ಸೋಸಿ ಕುಡಿಯುವುದು, ಹೊತ್ತು ಮುಳುಗುವ ಮೊದಲೇ ಉಣ್ಣುವುದು ಅವರ ಮನೆಗಳಲ್ಲಿ ಹಿರಿಯರಿಂದ ಬಂದ ಆಚಾರ. ಅಥಣಿಯ ಗಚ್ಚಿನಮಠದಲ್ಲಿದ್ದು ೧೯೨೧ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಹೆಸರನ್ನು ದಯೆಯ ದೃಷ್ಟಾಂತವಾಗಿ ಜನರು ಇಂದಿಗೂ ನೆನೆಯುತ್ತಾರೆ. ಇಂತಹ ನೆಲದಲ್ಲಿಯೇ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಯಲ್ಲಮ್ಮನ ಹೆಸರಿನಲ್ಲಿ ಬಿಡುವ ಪದ್ಧತಿಯೂ ಬೇರೂರಿದ್ದಿತು. ಸವದತ್ತಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಮಾತ್ರವಲ್ಲ, ಅಥಣಿ, ರಾಯಬಾಗ, ಚಿಕ್ಕೋಡಿಗಳ ಹಳ್ಳಿಗಳಲ್ಲಿಯೂ ಇದು ಬಡವರ, ವಿಶೇಷವಾಗಿ ಅಸ್ಪೃಶ್ಯರೆನಿಸಿಕೊಂಡವರ ಮನೆಗಳನ್ನು ಹಿಡಿದಿದ್ದಿತು. ಈ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗಲೇ ೧೯೩೪ರಲ್ಲಿ ದೇವದಾಸಿಯರ ರಕ್ಷಣೆಯ ಕಾನೂನು ಬಂದಿತು. ಅನಂತರ ೧೯೮೨ರಲ್ಲಿ ಕರ್ನಾಟಕ ಸರಕಾರವು ಸಮರ್ಪಣೆಯನ್ನು ನಿಷೇಧಿಸಿ ಮತ್ತೊಂದು ಕಾನೂನನ್ನು ರಚಿಸಿತು. ನಡುವಣ ಕಾಲ ೪೮ ವರ್ಷ. ಒಂದೇ ವಿಷಯಕ್ಕೆ ಎರಡು ಸಲ ಕಾನೂನು ಬೇಕಾಯಿತೆಂಬುದೇ ಪದ್ಧತಿಯ ಬಲವನ್ನು ತಿಳಿಸುವುದು. ಅಥಣಿಯಲ್ಲಿ ದೇವದಾಸಿಯರ ಪುನರ್ವಸತಿಗಾಗಿ ವಿಮೋಚನಾ ಸಂಘವು ಹುಟ್ಟಿ ಅವರ ಮಕ್ಕಳಿಗೆ ಶಾಲೆಯನ್ನು ನಡೆಸಬೇಕಾಗಿ ಬಂದುದೂ ಈ ಪದ್ಧತಿಯ ದೀರ್ಘಾಯುಷ್ಯಕ್ಕೆ ಸಾಕ್ಷಿ.

ಇಲ್ಲಿ ಹಿಂಸೆಯನ್ನು ಮಾಡಿದವರು ಯಾರು ಎಂದು ಕೇಳಿದರೆ ಉತ್ತರವು ಸುಲಭವಲ್ಲ. ಮುತ್ತು ಕಟ್ಟುವ ದಿನ ಹುಡುಗಿಗೆ ಹೊಸ ಸೀರೆ ಉಡಿಸುತ್ತಾರೆ, ಹಸಿರು ಬಳೆ ತೊಡಿಸುತ್ತಾರೆ, ಊಟ ಹಾಕಿಸುತ್ತಾರೆ, ಯಾರೂ ಹೊಡೆಯುವುದಿಲ್ಲ. ತಂದೆತಾಯಿಗಳು ಹರಕೆಯೆನ್ನುತ್ತಾರೆ, ಪೂಜಾರಿಯು ದೇವಿಯ ಅಪ್ಪಣೆಯೆನ್ನುತ್ತಾನೆ, ಊರಿನ ಉಳ್ಳವನು ತಾನು ಅನ್ನ ಹಾಕಿದೆನೆನ್ನುತ್ತಾನೆ, ಜಾತ್ರೆಗೆ ಬಂದ ಜನರು ಉಧೋ ಎಂದು ಕೂಗಿ ಭಂಡಾರ ಹಚ್ಚಿಕೊಂಡು ಮನೆಗೆ ಮರಳುತ್ತಾರೆ. ಕೃತದ ಭಾಗವು ಇಲ್ಲಿ ಎಷ್ಟು ಚಿಕ್ಕದೆಂದರೆ ಕಣ್ಣಿಗೆ ಕಾಣದು. ಕಾರಿತವೂ ಅನುಮೋದಿತವೂ ಊರಷ್ಟು ದೊಡ್ಡವು. ನಿತ್ಯಜೀವನದ ಹಿಂಸೆಯ ಸ್ವರೂಪವೇ ಇದು. ಆದುದರಿಂದ ಇದನ್ನು ಚಿತ್ರಿಸುವ ಕತೆಗಾರನು ಏಟನ್ನು ಮಾತ್ರ ಬರೆದು ಒಪ್ಪಿಗೆಯನ್ನು ಬಿಟ್ಟರೆ ಅವನ ಚಿತ್ರವು ಅಪೂರ್ಣ. ಎಷ್ಟು ರಕ್ತವನ್ನು ತೋರಿಸಿದನೆಂಬುದಲ್ಲ, ಮಾಡಿದವರು, ಮಾಡಿಸಿದವರು, ಒಪ್ಪಿದವರು ಈ ಮೂವರನ್ನೂ ವಾಚಕನ ಎದುರಿಗೆ ನಿಲ್ಲಿಸಿದನೆ ಎಂಬುದೇ ಅವನ ಕೃತಿಯ ಒರೆಗಲ್ಲು.

ಈ ಸೀಮೆಯ ಬಾಳುವೆಯನ್ನು ಕಾದಂಬರಿಗೆ ತಂದವರಲ್ಲಿ ಮೊದಲು ಹೇಳತಕ್ಕವರು ಮಿರ್ಜಿ ಅಣ್ಣಾರಾಯರು. ಅಂದು ಅಥಣಿ ತಾಲ್ಲೂಕಿಗೆ ಸೇರಿದ್ದು ಈಗ ಕಾಗವಾಡ ತಾಲ್ಲೂಕಿನಲ್ಲಿರುವ ಶೇಡಬಾಳದಲ್ಲಿ ೧೯೧೮ರಲ್ಲಿ ಜನಿಸಿದ ಇವರು ೧೯೪೦ರ ದಶಕದಲ್ಲಿ ಬರೆದ ನಿಸರ್ಗವು ಕೃಷ್ಣಾತೀರದ ಜೈನ ಒಕ್ಕಲು ಮನೆತನದ ಬಾಳನ್ನು ಆ ನೆಲದ ಆಡುಮಾತಿನಲ್ಲಿಯೇ ಚಿತ್ರಿಸಿತು. ಅಣ್ಣಾರಾಯರು ಜೈನಧರ್ಮವೆಂಬ ಶಾಸ್ತ್ರಗ್ರಂಥವನ್ನೂ ರಚಿಸಿದ ವಿದ್ವಾಂಸರು. ಧರ್ಮದ ಲಕ್ಷಣವನ್ನು ಬಲ್ಲವರೇ ಧರ್ಮವಂತರ ಮನೆಯೊಳಗಿನ ಬಾಳನ್ನು ಕಾದಂಬರಿಯಾಗಿ ಬರೆದುದು ವಿಶೇಷ. ಇರುವೆಗೂ ನೋವಾಗದಂತೆ ನಡೆಯಬೇಕೆಂಬ ಮನೆಯಲ್ಲಿ ಮನುಷ್ಯರ ಮನಸ್ಸಿಗೆ ನೋವಾಗುವುದನ್ನು ತಡೆಯುವ ವ್ರತವುಂಟೆ ಎಂಬ ಪ್ರಶ್ನೆಯು ಇಂತಹ ಚಿತ್ರಣದಿಂದ ತಾನಾಗಿ ಏಳುವುದು. ಆಡುಮಾತಿನ ಉಪಯೋಗವೂ ಇಲ್ಲಿ ಕೇವಲ ಅಲಂಕಾರವಲ್ಲ. ಮನೆಯೊಳಗಿನ ಹಿಂಸೆಯು ಗ್ರಾಂಥಿಕ ಭಾಷೆಯಲ್ಲಿ ನಡೆಯುವುದಿಲ್ಲ. ಅತ್ತೆ, ನಾದಿನಿ, ಮಾವಂದಿರ ದಿನದ ಮಾತಿನಲ್ಲಿ ನಡೆಯುತ್ತದೆ. ಆ ಮಾತನ್ನು ತಿದ್ದಿ ಬರೆದರೆ ಹಿಂಸೆಯೂ ತಿದ್ದಿಹೋಗುವುದು.

ಗೋಕಾಕ ತಾಲ್ಲೂಕಿನ ಬೆಟಗೇರಿಯವರಾದ ಶ್ರೀ ರಾಘವೇಂದ್ರ ಪಾಟೀಲರ ತೇರು ಕಾದಂಬರಿಯು ೨೦೦೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಧರಮನಟ್ಟಿಯೆಂಬ ಊರಿನಲ್ಲಿ ದೇಸಗತಿಯವರು ಮಾಡಿಸಿದ ವಿಟ್ಠಲನ ತೇರು ಕದಲುವುದಿಲ್ಲ. ನರಬಲಿ ಬೇಕೆಂಬ ಮಾತು ಬರುತ್ತದೆ. ಬಡ ಕುಟುಂಬವೊಂದು ತನ್ನ ಕೂಸನ್ನು ಒಪ್ಪಿಸುತ್ತದೆ. ಪ್ರತಿಯಾಗಿ ಭೂಮಿಯು ದೊರೆಯುತ್ತದೆ. ಅಂದಿನಿಂದ ಪ್ರತಿವರ್ಷವೂ ಜಾತ್ರೆಯಲ್ಲಿ ಆ ಮನೆತನದವರು ತಮ್ಮ ರಕ್ತದಿಂದ ತೇರಿಗೆ ತಿಲಕವಿಡುವ ಸೇವೆಯು ನಡೆದುಬರುತ್ತದೆ. ಈ ಕಾದಂಬರಿಯ ಹಿರಿಮೆಯು ಬಲಿಯ ವರ್ಣನೆಯಲ್ಲಿಲ್ಲ. ಬಲಿಯು ಒಂದು ದಿನದ ಕೆಲಸ. ರಕ್ತತಿಲಕವು ವರ್ಷವರ್ಷದ ಮರ್ಯಾದೆ. ಹಿಂಸೆಯು ಮೊದಲು ಘೋರಕೃತ್ಯವಾಗಿ, ಬಳಿಕ ಕಥೆಯಾಗಿ, ಅನಂತರ ಸೇವೆಯಾಗಿ, ಕೊನೆಗೆ ಅದನ್ನು ಸಹಿಸಿದವರಿಗೇ ಅಭಿಮಾನದ ಗುರುತಾಗಿ ಮಾರ್ಪಡುವ ಕ್ರಮವನ್ನು ಗ್ರಂಥಕರ್ತರು ತಲೆಮಾರುಗಳ ಉದ್ದಕ್ಕೂ ಹಿಡಿದು ತೋರಿಸಿದ್ದಾರೆ. ದೇಸಾಯಿಯು ಕಾರಕನು, ಆದರೆ ತೇರಿನ ಹಗ್ಗಕ್ಕೆ ಕೈಯಿಕ್ಕಿದ ಜನರೆಲ್ಲರೂ ಅನುಮೋದಕರು. ಹಗ್ಗವನ್ನು ಎಳೆದವರಲ್ಲಿ ಒಬ್ಬನಿಗೂ ತಾನು ಹಿಂಸೆ ಮಾಡಿದೆನೆಂದು ತೋರುವುದಿಲ್ಲವೆಂಬುದೇ ಕಾದಂಬರಿಯ ಮರ್ಮ. ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟ ಊರುಗಳ ಕಥೆಯನ್ನು ಬರೆಯುವವರಿಗೆ ಇದರಿಂದ ಕಲಿಯತಕ್ಕುದು ಬಹಳವಿದೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಜನಿಸಿದ ಶ್ರೀ ಚಂದ್ರಶೇಖರ ಕಂಬಾರರ ಸಿಂಗಾರೆವ್ವ ಮತ್ತು ಅರಮನೆಯು ೧೯೮೨ರಲ್ಲಿ ಪ್ರಕಟವಾಯಿತು. ಆಸ್ತಿಯ ಆಸೆಯಿಂದ ತಂದೆಯಾದ ಗೌಡನು ಮಗಳನ್ನು ಗಂಡಸುತನವಿಲ್ಲದ ದೇಸಾಯಿಗೆ ಕೊಡುತ್ತಾನೆ. ಅರಮನೆಯ ಗೋಡೆಗಳ ನಡುವೆ ಸಿಂಗಾರೆವ್ವನ ಹರೆಯವು ಕಳೆದುಹೋಗುವ ಕಥೆಯನ್ನು ಅವಳ ಸಖಿಯಾದ ಶೀನಿಂಗವ್ವನು ಹೇಳುತ್ತಾಳೆ. ದಾಸಿಯ ಬಾಯಲ್ಲಿ ಒಡತಿಯ ಕಥೆಯನ್ನು ಹೇಳಿಸಿದುದು ಕಂಬಾರರ ಪ್ರತಿಭೆಗೆ ಸಾಕ್ಷಿ. ಏಕೆಂದರೆ ಅರಮನೆಯ ಹಿಂಸೆಯನ್ನು ನಿತ್ಯವೂ ಕಂಡವಳು ಅವಳೊಬ್ಬಳೇ. ಆದರೆ ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಕಂಬಾರರ ವಾಕ್ಕು ಜಾನಪದದ ಕಾಂತಿಯಿಂದ ತುಂಬಿದುದು. ಆ ಕಾಂತಿಯು ಕೆಲವೆಡೆಗಳಲ್ಲಿ ಗಾಯದ ಮೇಲೂ ಬಿದ್ದು ಅದನ್ನು ಚೆಲುವಾಗಿ ತೋರಿಸುತ್ತದೆ. ದೇಸಾಯಿಯ ಬಯಲಾಟದ ಹುಚ್ಚು, ಕುಸಿಯುತ್ತಿರುವ ಅರಮನೆಯ ವೈಭವ ಇವುಗಳನ್ನು ಓದುತ್ತ ವಾಚಕನು ಮೈಮರೆತನಾದರೆ, ತಂದೆಯು ಮಗಳನ್ನು ಆಸ್ತಿಗೆ ಒತ್ತೆಯಿಟ್ಟನೆಂಬ ಸರಳವಾದ ಸಂಗತಿಯು ಹಿಂದೆ ಸರಿಯುವುದು. ಶೀನಿಂಗವ್ವನ ದನಿಯು ಮರಳಿ ಮರಳಿ ಆ ಸಂಗತಿಯನ್ನು ಮುಂದಕ್ಕೆ ತರುವುದರಿಂದ ಕೃತಿಯು ಉಳಿಯುತ್ತದೆ. ಆದರೂ ಅನುಕರಣ ಮಾಡುವವರು ದನಿಯನ್ನು ಬಿಟ್ಟು ಕಾಂತಿಯನ್ನು ಮಾತ್ರ ಹಿಡಿದರೆ ಕೆಡುವುದು ನಿಶ್ಚಯ.

ಸಂಸ್ಕೃತಪಾಠಶಾಲೆಗಳಲ್ಲಿ ಓದಿದವರು ವಿಶೇಷವಾಗಿ ಲಕ್ಷ್ಯವಿಟ್ಟು ಓದಬೇಕಾದ ಕತೆಯೊಂದಿದೆ. ಅದು ಯು. ಆರ್. ಅನಂತಮೂರ್ತಿಯವರು ೧೯೬೦ರ ದಶಕದ ಆರಂಭದಲ್ಲಿ ಪ್ರಕಟಿಸಿದ ಘಟಶ್ರಾದ್ಧ. ಕತೆಯು ನಡೆಯುವುದು ಮಲೆನಾಡಿನ ವೇದಪಾಠಶಾಲೆಯೊಂದರಲ್ಲಿ. ಗುರುಗಳಾದ ಉಡುಪರ ಮಗಳು, ಬಾಲವಿಧವೆಯಾದ ಯಮುನಕ್ಕನು ಗರ್ಭವತಿಯಾಗುತ್ತಾಳೆ. ಕೊನೆಗೆ ತಂದೆಯು ಬದುಕಿರುವ ಮಗಳಿಗೆ ಘಟಶ್ರಾದ್ಧವನ್ನು ಮಾಡಿ ಮುಗಿಸುತ್ತಾನೆ. ಇದನ್ನೆಲ್ಲ ಕಾಣುವವನು ಹೊಸದಾಗಿ ಸೇರಿದ ಒಬ್ಬ ಹುಡುಗ. ದೊಡ್ಡ ವಿದ್ಯಾರ್ಥಿಗಳು ಆ ಹುಡುಗನನ್ನು ಪೀಡಿಸುವುದೂ, ಊರಿನವರು ಯಮುನಕ್ಕನನ್ನು ಪೀಡಿಸುವುದೂ ಒಂದೇ ಮನೆಯಲ್ಲಿ, ಒಂದೇ ವೇಳೆಯಲ್ಲಿ ನಡೆಯುತ್ತವೆ. ಹಿರಿಯರ ಹಿಂಸೆಗೂ ಮಕ್ಕಳ ಹಿಂಸೆಗೂ ಒಂದೇ ಪಾಠವೆಂಬುದನ್ನು ಗ್ರಂಥಕರ್ತರು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಕತೆಯಿಂದ ವೈದಿಕ ಸಂಪ್ರದಾಯಕ್ಕೆ ಅಪಕೀರ್ತಿಯಾಯಿತೆಂದು ಮುನಿದವರುಂಟು. ಆದರೆ ವಿಚಾರಿಸಿ ನೋಡಿದರೆ ಕತೆಯು ದೂರುವುದು ಮಂತ್ರವನ್ನಲ್ಲ, ಪ್ರಮಾದವನ್ನು. ಶ್ರಾದ್ಧವೆಂಬುದು ಶ್ರದ್ಧೆಯಿಂದ ಮಾಡತಕ್ಕ ಕರ್ಮ. ಬದುಕಿರುವ ಮಗಳನ್ನು ಕಣ್ಣೆತ್ತಿ ನೋಡದೆ ಮಾಡಿದ ಕರ್ಮಕ್ಕೆ ಆ ಹೆಸರು ಸಲ್ಲುವುದೆ ಎಂದು ಶಾಸ್ತ್ರವನ್ನು ಓದಿದವರೇ ಮೊದಲು ಕೇಳಬೇಕಾಗಿದ್ದಿತು. ಅವರು ಕೇಳಲಿಲ್ಲ; ಕತೆಗಾರನು ಕೇಳಿದನು. ಮುನಿಸಿಗಿಂತ ಲಜ್ಜೆಯೇ ಇಲ್ಲಿ ಯುಕ್ತವಾದ ಉತ್ತರ.

ಲಜ್ಜೆಯೆಂಬ ಮಾತು ಬಂದುದರಿಂದ ಹಿಂದೆ ಎತ್ತಿದ ಪ್ರಶ್ನೆಗೆ ಮರಳಬಹುದು. ಭರತನು ಹೇಳಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ವ್ರೀಡೆಯೂ ಒಂದು. ಲಕ್ಷಣಗ್ರಂಥಗಳಲ್ಲಿ ಅದು ಬಂದು ಹೋಗುವ ಭಾವ, ಸ್ಥಾಯಿಯಲ್ಲ. ನಿತ್ಯಜೀವನದ ಹಿಂಸೆಯನ್ನು ಚಿತ್ರಿಸುವ ಒಳ್ಳೆಯ ಕೃತಿಗಳಲ್ಲಾದರೋ ವಾಚಕನಲ್ಲಿ ಕೊನೆಯವರೆಗೂ ನಿಲ್ಲುವುದು ಈ ಭಾವವೇ. ಕರುಣವು ಅದಕ್ಕೆ ಅಂಗವಾಗಿ ಬರುತ್ತದೆ. ನೊಂದವರ ವಿಷಯದಲ್ಲಿ ಮರುಗಿದ ವಾಚಕನು, ಆ ಊರಿನ ಜನರಲ್ಲಿ ತಾನೂ ಒಬ್ಬನಾಗಿದ್ದರೆ ಏನು ಮಾಡುತ್ತಿದ್ದೆನೆಂದು ತನ್ನನ್ನೇ ಕೇಳಿಕೊಳ್ಳುವಂತಾಗುವುದು. ಕರುಣವು ಕಣ್ಣೀರಿನಿಂದ ಮುಗಿಯಬಹುದು. ಈ ಲಜ್ಜೆಯು ಪುಸ್ತಕವನ್ನು ಮುಚ್ಚಿದ ಬಳಿಕವೂ ಬಿಡದು. ಆಲಂಕಾರಿಕರು ಇದನ್ನು ರಸವೆಂದು ಒಪ್ಪಲಿ, ಬಿಡಲಿ; ಲಕ್ಷ್ಯವಿದ್ದೆಡೆಗೆ ಲಕ್ಷಣವು ಬರಬೇಕಲ್ಲದೆ ಲಕ್ಷಣಕ್ಕಾಗಿ ಲಕ್ಷ್ಯವನ್ನು ಬಿಡಲಾಗದು.

ಶ್ರೀ ದೇವನೂರ ಮಹಾದೇವರ ಕುಸುಮಬಾಲೆಯು ೧೯೮೦ರ ದಶಕದಲ್ಲಿ ಪ್ರಕಟವಾದುದು. ಮೇಲ್ಜಾತಿಯ ಹೆಣ್ಣನ್ನು ಪ್ರೀತಿಸಿದ ದಲಿತ ಯುವಕ ಚನ್ನನು ಗುಟ್ಟಾಗಿ ಹತನಾಗುತ್ತಾನೆ. ಊರು ಅವನು ಮುಂಬಯಿಗೆ ಹೋದನೆಂದು ತಿಳಿಯುತ್ತದೆ. ಕೊಲೆಯನ್ನು ಗ್ರಂಥಕರ್ತರು ಕಣ್ಣಿಗೆ ಕಟ್ಟುವಂತೆ ವರ್ಣಿಸಿ ಬೆದರಿಸುವುದಿಲ್ಲ. ಮನುಷ್ಯರು ಆಡದೆ ಉಳಿಸಿದ ಮಾತನ್ನು ದೀಪದ ಜ್ಯೋತಿಗಳೂ ಮನೆಯ ಮಂಚವೂ ಆಡುತ್ತವೆ. ವಾಚ್ಯವಾಗಿ ಹೇಳಿದ್ದರೆ ಒಂದು ಕೊಲೆಯ ವರದಿಯಾಗುತ್ತಿದ್ದುದು ಧ್ವನಿಯಿಂದಾಗಿ ಒಂದು ಊರಿನ ಮೌನದ ಕಥೆಯಾಯಿತು. ಮರಣವನ್ನು ರಂಗದ ಹಿಂದೆ ಇರಿಸಬೇಕೆಂಬ ಭರತನ ವಿಧಿಯು ಗದ್ಯಕಥನದಲ್ಲಿಯೂ ಹೇಗೆ ಸಫಲವಾಗುವುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ಈಚಿನ ಕನ್ನಡದಲ್ಲಿ ಹುಡುಕುವುದು ಕಷ್ಟ.

ಹಳ್ಳಿ, ದೇಸಗತಿ, ಪಾಠಶಾಲೆಗಳಲ್ಲಿ ಮಾತ್ರ ಈ ಹಿಂಸೆಯುಂಟೆಂದು ನಗರದವರು ನೆಮ್ಮದಿಯಿಂದಿರುವಂತಿಲ್ಲ. ಶ್ರೀ ವಿವೇಕ ಶಾನಭಾಗರು ೨೦೧೩ರಲ್ಲಿ ಪ್ರಕಟಿಸಿದ ಘಾಚರ್ ಘೋಚರ್ ಬೆಂಗಳೂರಿನ ಒಂದು ಕುಟುಂಬದ ಕಥೆ. ಬಡತನದ ದಿನಗಳಲ್ಲಿ ಆ ಮನೆಯವರೆಲ್ಲ ಸೇರಿ ಇರುವೆಗಳನ್ನು ಕೊಲ್ಲುತ್ತಿದ್ದರು. ಹಣವು ಬಂದ ಬಳಿಕ, ಚಿಕ್ಕಪ್ಪನನ್ನು ಅರಸಿ ಬಾಗಿಲಿಗೆ ಬಂದ ಒಬ್ಬ ಹೆಣ್ಣುಮಗಳನ್ನು ಮನೆಯ ಹೆಂಗಸರು ಬಾಯಿಗೆ ಬಂದಂತೆ ಬಯ್ದು ಓಡಿಸುತ್ತಾರೆ. ಕಥೆಯನ್ನು ಹೇಳುವ ಗಂಡಸು ಒಳಗೆ ನಿಂತು ಸುಮ್ಮನೆ ಕೇಳುತ್ತಾನೆ. ಇದನ್ನು ತಪ್ಪೆಂದವಳು ಹೊರಗಿನಿಂದ ಬಂದ ಅವನ ಹೆಂಡತಿ ಅನಿತೆಯೊಬ್ಬಳು. ಕೊನೆಯಲ್ಲಿ ಅವಳಿಗೇನಾಯಿತೆಂಬುದನ್ನು ಗ್ರಂಥಕರ್ತರು ಹೇಳುವುದಿಲ್ಲ. ವಾಚಕನು ತಾನೇ ಊಹಿಸಿ ನಡುಗುತ್ತಾನೆ. ಅನುಮೋದನವೆಂಬ ಮೂರನೆಯ ಹಿಂಸೆಗೆ ಈ ನಾಯಕನೇ ಮೂರ್ತಿ. ಅವನು ಯಾರನ್ನೂ ನೋಯಿಸಲಿಲ್ಲ. ಅವನು ಸಭ್ಯ. ಆ ಸಭ್ಯತೆಯೇ ಆ ಮನೆಯ ಕ್ರೌರ್ಯಕ್ಕೆ ಬಾಗಿಲು ಕಾಯುವುದು. ಇರುವೆಗಳ ಪ್ರಸಂಗವನ್ನು ಶೇಡಬಾಳದ ಜೈನ ಒಕ್ಕಲಿಗನೊಬ್ಬನು ಓದಿದರೆ ಬೆಂಗಳೂರಿನ ವಿಮರ್ಶಕರಿಗೆ ತೋರದ ಅರ್ಥವು ಅವನಿಗೆ ಮೊದಲ ಓದಿನಲ್ಲಿಯೇ ತೋರೀತು.

ಶ್ರೀಮತಿ ಬಾನು ಮುಷ್ತಾಕರ ಎದೆಯ ಹಣತೆಯ ಹೆಸರು ಈಗ ಲೋಕವಿಖ್ಯಾತವಾಗಿದೆ. ಅವರ ಹನ್ನೆರಡು ಕತೆಗಳನ್ನು ಶ್ರೀಮತಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಸಂಕಲನಕ್ಕೆ ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯು ದೊರೆಯಿತು. ಆ ಹೆಸರಿನ ಕತೆಯಲ್ಲಿ ಗಂಡನಿಂದ ಉಪೇಕ್ಷಿತಳಾದ ಮೆಹರುನ್ ತವರಿಗೆ ಬರುತ್ತಾಳೆ. ತವರಿನವರು ಅವಳ ನೋವನ್ನು ಕೇಳುವುದಿಲ್ಲ. ಮನೆತನದ ಮಾನವನ್ನು ಕೇಳುತ್ತಾರೆ. ಮಾನವುಳ್ಳವಳಾಗಿದ್ದರೆ ಸುಟ್ಟುಕೊಂಡು ಸಾಯುತ್ತಿದ್ದೆಯೆಂಬ ಮಾತು ಒಡಹುಟ್ಟಿದವನ ಬಾಯಿಂದ ಬರುತ್ತದೆ. ಅವಳು ಸೀಮೆಎಣ್ಣೆಯನ್ನು ಸುರಿದುಕೊಂಡ ಇರುಳು ತಡೆಯುವವಳು ಎಳೆಯ ಮಗಳು. ಗಂಡನ ದ್ರೋಹವು ಇಲ್ಲಿ ಕೃತ. ಆದರೆ ಬೆಂಕಿಯ ತನಕ ಅವಳನ್ನು ನಡೆಸಿದುದು ತವರಿನ ಮಾತು. ಈ ಕತೆಯನ್ನು ಒಂದು ಮತದವರ ಬಾಳಿನ ದೋಷವೆಂದು ಓದಿ ಸಮಾಧಾನಪಟ್ಟುಕೊಳ್ಳುವವರು ಸಿಂಗಾರೆವ್ವನ ತಂದೆಯನ್ನೂ ಯಮುನಕ್ಕನ ತಂದೆಯನ್ನೂ ಇದರ ಪಕ್ಕದಲ್ಲಿ ನಿಲ್ಲಿಸಿ ನೋಡತಕ್ಕದ್ದು. ಮತಗಳು ಬೇರೆ, ಊರುಗಳು ಬೇರೆ, ಮಾನದ ಲೆಕ್ಕವೊಂದೇ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಇಂತಹ ಕತೆಗಳನ್ನು ಎಳೆಯರಿಗೆ ಓದಿಸಿದರೆ ಹಿಂಸೆಯ ಪರಿಚಯವು ಬೆಳೆದು ಮನಸ್ಸು ಕಲ್ಲಾಗುವುದಲ್ಲವೆ, ಕಾವ್ಯದ ಪ್ರಯೋಜನವು ಆನಂದವಾಗಿರಲು ಜುಗುಪ್ಸೆಯಿಂದೇನು ಲಾಭ ಎಂಬುದು ಆಕ್ಷೇಪದ ಸಾರ. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕತಕ್ಕುದಲ್ಲ. ವೃತ್ತಪತ್ರಿಕೆಯ ಅಪರಾಧದ ವಾರ್ತೆಗಳನ್ನು ಹಿಗ್ಗಿಸಿ, ಏಟಿನ ಮೇಲೆ ಏಟನ್ನು ಎಣಿಸಿ, ಗಾಯದ ಅಳತೆಯನ್ನು ಕೊಟ್ಟು ಬರೆದ ಕತೆಗಳು ಇಂದು ಕಡಮೆಯಿಲ್ಲ. ಅವುಗಳಲ್ಲಿ ಹಿಂಸೆಯನ್ನು ಮಾಡುವವನು ರಾಕ್ಷಸ, ನೋಯುವವರು ನಿರ್ದೋಷಿಗಳು, ವಾಚಕನು ಹೊರಗಿನವನು. ವಾಚಕನಿಗೆ ರಾಕ್ಷಸನ ಮೇಲೆ ಕೋಪ ಬರುತ್ತದೆ, ತಾನು ಒಳ್ಳೆಯವನೆಂಬ ತೃಪ್ತಿಯು ಉಂಟಾಗುತ್ತದೆ. ಇಂತಹ ಕೃತಿಗಳಿಂದ ಮನಸ್ಸು ಕಲ್ಲಾಗುವುದೆಂಬುದು ದಿಟ. ಆದರೆ ದೋಷವು ವಿಷಯದ್ದಲ್ಲ, ದೃಷ್ಟಿಯದು. ಕೃತವನ್ನು ಮಾತ್ರ ತೋರಿಸಿದ ಕತೆಯು ವಾಚಕನನ್ನು ಪ್ರೇಕ್ಷಕನನ್ನಾಗಿ ಮಾಡುವುದು. ಅನುಮೋದಿತವನ್ನೂ ತೋರಿಸಿದುದು ಅವನನ್ನು ಸಾಕ್ಷಿಯನ್ನಾಗಿ ಮಾಡುವುದು. ಪ್ರೇಕ್ಷಕನು ನೋಡಿ ಏಳುತ್ತಾನೆ, ಸಾಕ್ಷಿಯು ನುಡಿಯಬೇಕಾಗುತ್ತದೆ.

ಆದುದರಿಂದ ಪಾಠಕ್ಕೆ ಕತೆಗಳನ್ನು ಆರಿಸುವವರು ಹಿಂಸೆಯಿದೆಯೆ ಇಲ್ಲವೆ ಎಂದು ನೋಡುವುದಕ್ಕಿಂತ ಅದು ಯಾರ ಕಣ್ಣಿನಿಂದ ಕಾಣಿಸಲ್ಪಟ್ಟಿದೆ, ಒಪ್ಪಿದವರು ಚಿತ್ರದೊಳಗೆ ಇದ್ದಾರೆಯೆ ಎಂದು ನೋಡುವುದು ಯುಕ್ತ. ಘೋರವಾದ ವಾಕ್ಯಗಳನ್ನು ಕತ್ತರಿಸಿ ಓದಿಸುವ ರೂಢಿಯೂ ವಿಚಾರಣೀಯವಾಗಿದೆ. ಘಟಶ್ರಾದ್ಧದಲ್ಲಿ ಕೊನೆಯ ಕರ್ಮವನ್ನು ಬಿಟ್ಟು, ತೇರಿನಲ್ಲಿ ಕೂಸಿನ ಬಲಿಯನ್ನು ಬಿಟ್ಟು ಓದಿಸಿದರೆ ಉಳಿಯುವುದು ಮಲೆನಾಡಿನ ಚೆಲುವು, ಜಾತ್ರೆಯ ಸಡಗರ. ಅಂತಹ ಪಾಠವೂ ಒಂದು ಬಗೆಯ ಅನುಮೋದನವೇ ಸರಿ. ತರಗತಿಯಲ್ಲಿ ಕುಳಿತ ಹುಡುಗಿಯರಲ್ಲಿ ಇಂಥ ಮನೆಗಳಿಂದ ಬಂದವರೂ ಇರಬಹುದೆಂಬುದನ್ನು ಅಧ್ಯಾಪಕರು ಮರೆಯಲಾಗದು. ತಮ್ಮ ಬಾಳಿನಲ್ಲಿ ನಿತ್ಯವೂ ನಡೆಯುವುದನ್ನು ಪುಸ್ತಕವು ಬಲ್ಲುದು, ಗುರುವು ಮಾತ್ರ ಪುಟವನ್ನು ಮಗುಚಿದರು ಎಂದು 그ವರು ತಿಳಿಯುವಂತಾದರೆ ವಿದ್ಯೆಯ ಗೌರವವು ಉಳಿಯುವುದೆಂತು?

ಕೊನೆಯದಾಗಿ ಜನ್ನನ ಕಾವ್ಯದ ಚೌಕಟ್ಟನ್ನೇ ಮತ್ತೊಮ್ಮೆ ನೋಡಬಹುದು. ಯಶೋಧರನ ಕಥೆಯು ಹೇಳಲ್ಪಡುವುದು ಎಲ್ಲಿ? ಚಂಡಮಾರಿಯ ಗುಡಿಯಲ್ಲಿ, ಬಲಿಗಾಗಿ ಹಿಡಿದು ತಂದ ಎಳೆಯರ ಬಾಯಿಂದ, ಕತ್ತಿಯನ್ನು ಹಿಡಿದ ಮಾರಿದತ್ತನ ಎದುರಿಗೆ. ವರ್ಷವರ್ಷವೂ ನಡೆದುಬಂದ ಜಾತ್ರೆ ಅದು. ಮಾರಿದತ್ತನಿಗೆ ಅದರಲ್ಲಿ ಹೊಸತೇನೂ ಕಾಣದು. ಅಭಯರುಚಿಯು ಅವನನ್ನು ಬಯ್ಯಲಿಲ್ಲ, ಬೇಡಲಿಲ್ಲ. ಹಿಟ್ಟಿನ ಕೋಳಿಯ ಕಥೆಯನ್ನು ಹೇಳಿದನು. ಅದನ್ನು ಕೇಳಿದ ಅರಸನಿಗೆ ಪದ್ಧತಿಯು ಹಿಂಸೆಯಾಗಿ ಕಂಡಿತು, ಬಲಿಯು ನಿಂತಿತು. ಕಥೆಯಿಂದ ಆಗಬಹುದಾದ ಕಾರ್ಯವನ್ನು ಇದಕ್ಕಿಂತ ಹೆಚ್ಚಾಗಿ ಯಾವ ಲಕ್ಷಣಕಾರನೂ ಹೇಳಿಲ್ಲ. ಈಚಿನ ಕತೆಗಾರರಲ್ಲಿ ಉತ್ತಮರಾದವರು ಮಾಡುತ್ತಿರುವುದು ಆ ಅಭಯರುಚಿಯ ಕೆಲಸವನ್ನೇ. ಕೇಳುವವರು ಮಾರಿದತ್ತನಂತೆ ಕೊನೆಯವರೆಗೆ ಕುಳಿತು ಕೇಳಬೇಕಾದುದಷ್ಟೇ ಉಳಿದಿದೆ.